ಸದ್ದು ನಿಂತರೆ ಗಾಡಿ ತಿರುಗಿಸು

ಲಿಲಿಕ್ ಸುಹಾರ್ತಿಯ ಅಂಗಡಿಗೆ ಕೆಟ್ಟ ಕಂಪ್ಯೂಟರ್ ತಂದವರು ಮೊದಲು ಬೈಸಿಕೊಳ್ಳುತ್ತಿದ್ದರು, ಆಮೇಲೆ ರಿಪೇರಿ ಮಾಡಿಸಿಕೊಳ್ಳುತ್ತಿದ್ದರು. "ಇದರೊಳಗೆ ಜಿರಳೆ ಸಂಸಾರ ಹೂಡಿದೆಯಲ್ಲ, ಬಾಡಿಗೆನಾದ್ರೂ ವಸೂಲಿ ಮಾಡ್ತಿದೀಯಾ?" ಎನ್ನುವುದು ಅವಳ ಸ್ವಾಗತದ ಮಾತು. ಬೇರೆ ಊರಾಗಿದ್ದರೆ ಆ ಅಂಗಡಿ ಎಂದೋ ಬಾಗಿಲು ಹಾಕುತ್ತಿತ್ತು. ಸುರಬಾಯದ ಜನಕ್ಕೆ ಮಾತ್ರ ನಯವಾಗಿ ಮಾತಾಡುವವರನ್ನು ಕಂಡರೆ ಗುಮಾನಿ, ಬೈಯುವವರ ಮೇಲೆ ನಂಬಿಕೆ. ಐವತ್ತು ದಾಟಿದ ಈ ಹೆಂಗಸು ಮದುವೆಯಾಗಲಿಲ್ಲ, ಯಾರ ಮುಂದೆಯೂ ಕೈಕಟ್ಟಿ ನಿಲ್ಲಲಿಲ್ಲ. ಅಪ್ಪ ಕಸ್ದುವನ್ನು ಅಂಗಡಿಯ ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂರಿಸಿಕೊಂಡು, ಫ್ಯಾನಿನ ವೇಗದಿಂದ ಹಿಡಿದು ಸಾಂಬಾಲ್ ಚಟ್ನಿಯ ಖಾರದವರೆಗೆ ಅವನೊಡನೆ ಜಗಳವಾಡುತ್ತ ಸುಖವಾಗಿದ್ದಳು.

ಒಂದು ದಿನ ಒಬ್ಬ ಶಾಲಾ ಮೇಷ್ಟ್ರು ಬಂದರು. ತಾವು ಕಾಲೇಜಿನಲ್ಲಿದ್ದಾಗ ಆಡುತ್ತಿದ್ದ ಆಟವೊಂದು ಎಲ್ಲೋ ಸಿಕ್ಕಿತ್ತಂತೆ, ಹೊಸ ಕಂಪ್ಯೂಟರಿನಲ್ಲಿ ಅದನ್ನು ಆಡಲು ಆಗುತ್ತಿರಲಿಲ್ಲ.

"ನೋಡಿ ಇಬು ಲಿಲಿಕ್, ಗಾಡಿ ಕಣ್ಣಿಗೆ ಬೀಳೋದ್ರೊಳಗೆ ಲಾರಿ ಬಂದು ಎತ್ತಾಕ್ಕೊಂಡು ಹೋಗುತ್ತೆ. ಕೀಲಿ ಮುಟ್ಟೋಕೂ ಪುರುಸೊತ್ತಿಲ್ಲ."

ಲಿಲಿಕ್ ಪರದೆ ನೋಡಿದಳು, ಕುರ್ಚಿ ಎಳೆದುಕೊಂಡು ಕುಳಿತಳು. ಅಂದು ಮೇಷ್ಟ್ರಿಗೆ ಬೈಗುಳ ಬೀಳಲಿಲ್ಲ. ಆ ಆಟ ಬರೆದವಳು ಅವಳೇ. ಇಪ್ಪತ್ತೆರಡರ ಹುಡುಗಿಯಾಗಿ ಸಂಪುರ್ನೊ ಎಂಬವನ ಕಂಪ್ಯೂಟರ್ ಬಾಡಿಗೆ ಅಂಗಡಿಯಲ್ಲಿ ವಿದ್ಯಾರ್ಥಿಗಳ ಪ್ರಬಂಧ ಟೈಪು ಮಾಡಿಕೊಡುತ್ತಿದ್ದಾಗ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದದ್ದು. 'ಗೆರೊಬಾಕ್' ಎಂದು ಹೆಸರಿಟ್ಟಿದ್ದಳು, ತಳ್ಳುಗಾಡಿ ಎಂದು. ಅದು ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಊರೆಲ್ಲ ಸುತ್ತಿತು. ಆದರೆ ಮೊದಲ ಪುಟದಲ್ಲಿ ಇದ್ದದ್ದು 'ಸಂಪುರ್ನೊ ಕಂಪ್ಯೂಟರ್ ಕೇಂದ್ರ' ಎಂದಷ್ಟೇ. ಟೈಪಿಸ್ಟ್ ಹುಡುಗಿ ಆಟ ಬರೆದಳೆಂದರೆ ಯಾರು ನಂಬುತ್ತಾರೆ ಎಂದು ಸಂಪುರ್ನೊ ನಕ್ಕಿದ್ದ. ಆ ನಗು ಅವಳಿಗೆ ಇವತ್ತಿಗೂ ಮೈ ಉರಿಸುತ್ತಿತ್ತು.

ರೋಗ ಏನೆಂದು ಅವಳಿಗೆ ಕೂಡಲೇ ತಿಳಿಯಿತು. ಆಗೆಲ್ಲ ಲಾರಿ ಸ್ವಲ್ಪ ತಡೆದು ಬರಬೇಕೆಂದರೆ, ಯಂತ್ರಕ್ಕೆ ಸುಮ್ಮನೆ ಅಂಕಿ ಎಣಿಸುತ್ತ ಕೂರು ಎಂದು ಹೇಳುತ್ತಿದ್ದರು. ಅಂದಿನ ಯಂತ್ರ ಎಣಿಸಿ ಮುಗಿಸುವಷ್ಟರಲ್ಲಿ ಆಡುವವನಿಗೆ ಉಸಿರಾಡಲು ಹೊತ್ತು ಸಿಗುತ್ತಿತ್ತು. ಇಂದಿನ ಯಂತ್ರ ರೆಪ್ಪೆ ಬಡಿಯುವುದರೊಳಗೆ ಎಣಿಸಿ ಬಿಸಾಡುತ್ತದೆ. ಆಟ ಹಾಗೇ ಇತ್ತು, ಲೋಕ ಅವಸರದ್ದಾಗಿತ್ತು. ತಾನು ಕಾಗದದ ಮೇಲೆ ಬರೆದಿಟ್ಟಿದ್ದ ಆಟದ ಸಾಲುಗಳು ಎಂದೋ ಗೆದ್ದಲಿಗೆ ಊಟವಾಗಿದ್ದವು. ಹಾಗಾಗಿ ಹಳೆಯ ಆಟವನ್ನು ಹಳೆಯ ಯಂತ್ರವೊಂದರ ಮೇಲೆ ಓಡಿಸಿ, ನೋಡಿ ನೋಡಿ, ಮೊದಲಿಂದ ಹೊಸದಾಗಿ ಬರೆಯಲು ಕುಳಿತಳು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಸದ್ದು. ಅವಳು ಹುಟ್ಟಿ ಬೆಳೆದ ಓಣಿಯಲ್ಲಿ ಸಂಜೆಯಾದರೆ ಗಾಡಿಗಳು ಸಾಲಾಗಿ ಹೊರಡುತ್ತಿದ್ದವು. ಯಾರೂ ಕೂಗಬೇಕಾಗಿರಲಿಲ್ಲ. ಮಾಂಸದುಂಡೆಯ ಬಕ್ಸೊ ಮಾರುವವನು ಚಮಚದಿಂದ ಬಟ್ಟಲು ಬಡಿಯುತ್ತಿದ್ದ, ಆವಿಯಲ್ಲಿ ಬೇಯುವ ಪುಟುವಿನ ಗಾಡಿ ಸಿಳ್ಳೆ ಹಾಕುತ್ತಿತ್ತು. ಅವಳ ಅಪ್ಪ ನೂಡಲ್ಸ್ ಹುರಿಯುವವನು, ಸೌಟಿನಿಂದ ಬಾಣಲೆಯ ಅಂಚು ಬಡಿದು ತೆಕ್ ತೆಕ್ ಎನ್ನಿಸುತ್ತಿದ್ದ. ರಸ್ತೆ ತೆರವು ಮಾಡುವವರ ಲಾರಿ ಬಂದಾಗಲೂ ಯಾರೂ ಕೂಗುತ್ತಿರಲಿಲ್ಲ. ಲಾರಿ ಕಂಡವನು ಬಡಿಯುವುದನ್ನು ನಿಲ್ಲಿಸುತ್ತಿದ್ದ. ಪಕ್ಕದವನ ಸದ್ದು ನಿಂತದ್ದು ಕೇಳಿ ಮುಂದಿನವನು ನಿಲ್ಲಿಸುತ್ತಿದ್ದ. ಹೀಗೆ ಸದ್ದು ಆರುತ್ತ ಬರುತ್ತಿತ್ತು, ಗಾಡಿಗಳು ಮಾತಿಲ್ಲದೆ ಸಂದುಗಳಿಗೆ ತಿರುಗುತ್ತಿದ್ದವು. ಒಂದು ಸಂಜೆ ಎಣ್ಣೆ ಚಟಪಟ ಅನ್ನುತ್ತಿದ್ದಾಗ ಕಸ್ದುವಿಗೆ ಆ ಮೌನ ಕೇಳಿಸಲಿಲ್ಲ. ಗಾಡಿ, ಒಲೆ, ಬಾಣಲೆ ಎಲ್ಲ ಲಾರಿ ಹತ್ತಿದವು. ಮತ್ತೆ ಸಿಗಲಿಲ್ಲ. ಆಮೇಲೆ ಅವನು ವಾಹನ ನಿಲ್ಲಿಸುವ ಜಾಗದಲ್ಲಿ ಸೀಟಿ ಊದುವ ಕೆಲಸ ಹಿಡಿದ, ಮುದುಕನಾಗುವವರೆಗೂ ಅದನ್ನೇ ಮಾಡಿದ.

ಆಟದಲ್ಲಿ ಲಿಲಿಕ್ ತುಂಬಿದ್ದು ಇದನ್ನೇ. ನೀನು ಬಡಿದರೆ ಗಿರಾಕಿ ಬರುತ್ತಾನೆ. ಸುತ್ತಲಿನ ಸದ್ದು ಆರತೊಡಗಿದರೆ ಗಾಡಿ ತಿರುಗಿಸು, ಇಲ್ಲವಾದರೆ ಕೆಟ್ಟೆ. ಇದನ್ನೆಲ್ಲ ಅಪ್ಪನಿಗೆ ಅವಳು ಎಂದೂ ತೋರಿಸಿರಲಿಲ್ಲ. ಕೇಳಿದಾಗ ಟೈಪಿಂಗ್ ಅಭ್ಯಾಸ ಎಂದು ಹೇಳಿ ಹಾರಿಸಿದ್ದಳು.

ಹೊಸ ಆಟ ಮುಗಿಯುತ್ತ ಬಂದ ಸುದ್ದಿ ಮೇಷ್ಟ್ರ ಬಾಯಿಂದ ಊರಿಗೆ ಹಬ್ಬಿ ಸಂಪುರ್ನೊನ ಕಿವಿಗೂ ಬಿತ್ತು. ಅವನು ಕೂದಲಿಗೆ ಕಪ್ಪು ಬಳಿದುಕೊಂಡು, ಗರಿಗರಿ ಇಸ್ತ್ರಿಯ ಅಂಗಿ ತೊಟ್ಟು ಓಡಿಬಂದ. ಕೆಮುನಿಂಗ್ ಮಾಲಿನವರಿಗೆ ವಾರ್ಷಿಕೋತ್ಸವಕ್ಕೆ ಈ ಆಟ ಬೇಕಂತೆ. ಅವಳನ್ನು ಎಳೆದುಕೊಂಡೇ ಹೋಗಿ ಅಲ್ಲಿನ ಸಮಾರಂಭಗಳ ಮುಖ್ಯಸ್ಥ ಹೆಂದಾರ್ತೊನ ಎದುರು ಕೂರಿಸಿದ.

"ನಮ್ಮ ಮಾಲ್ ಎದ್ದಿರೋದೇ ನಿಮ್ಮ ಓಣಿ ಇದ್ದ ಜಾಗದಲ್ಲಿ ಇಬು," ಎಂದ ಹೆಂದಾರ್ತೊ. ಒಳ್ಳೆಯ ಮನುಷ್ಯನೇ, ಪಾಪ, ತಾನೇ ಎದ್ದು ಹೋಗಿ ಚಹಾ ತಂದುಕೊಟ್ಟ. "ದೊಡ್ಡ ಪರದೆ ಹಾಕಿಸ್ತೀವಿ. ಅದರ ಮೇಲೆ ನಿಮ್ಮ ಹೆಸರು, ಬೀದಿ ಆಚೆಯಿಂದ್ಲೂ ಓದೋಷ್ಟು ದಪ್ಪಕ್ಷರದಲ್ಲಿ. ಬರೆದವರು ಲಿಲಿಕ್ ಸುಹಾರ್ತಿ ಅಂತ."

ಆ ಅಕ್ಷರಗಳು ಲಿಲಿಕ್ ಕಣ್ಣಿಗೆ ಕಟ್ಟಿದವು. ಅದನ್ನು ತೋರಗೊಡದೆ, "ಮತ್ತೆ?" ಎಂದಳು.

"ಸಣ್ಣಪುಟ್ಟ ಬದಲಾವಣೆ ಅಷ್ಟೇ. ಲಾರಿ ಬೇಡ. ಹಬ್ಬದ ದಿನ ಅದ್ಯಾಕೆ? ಬದಲಿಗೆ ಬೆಕ್ಕುಗಳು ಅಡ್ಡ ಬರ್ಲಿ, ಮಕ್ಕಳಿಗೆ ಇಷ್ಟವಾಗುತ್ತೆ."

"ಬೆಕ್ಕು ಗಾಡಿ ಹೊತ್ಕೊಂಡು ಹೋಗುತ್ತಾ?"

ಸಂಪುರ್ನೊ ಮೇಜಿನ ಕೆಳಗೆ ಅವಳ ಕಾಲು ತುಳಿದ. ಹೆಂದಾರ್ತೊ ನಗುತ್ತಲೇ ಮುಂದುವರಿಸಿದ. "ಆಮೇಲೆ ಮಧ್ಯೆ ಮಧ್ಯೆ ಸದ್ದೇ ನಿಂತು ಹೋಗುತ್ತೆ, ಹಳೇ ಫ್ಲಾಪಿಯಲ್ಲಿ ಆಡಿ ನೋಡಿದ ನಮ್ಮ ಹುಡುಗ್ರು ಅದನ್ನ ದೋಷ ಅಂದ್ರು. ಒಂದು ಒಳ್ಳೆ ಹಾಡು ಹಾಕಿ ಮುಚ್ಚಿಬಿಡಿ. ಇನ್ನು ಆ ಕೊನೆ ಸಾಲು. ಗಾಡಿ ಹೋದ್ಮೇಲೆ 'ನಾಳೆ ಮತ್ತೆ ಮಾರೋಣ' ಅಂತ ಬರುತ್ತಲ್ಲ, ಅದು ಸ್ವಲ್ಪ ಮೊಂಡಾಟದ ಹಾಗಿದೆ. ಅದರ ಬದಲು ಅವನಿಗೆ ನಮ್ಮ ಫುಡ್ ಕೋರ್ಟಲ್ಲಿ ಒಂದು ಮಳಿಗೆ ಸಿಗ್ಲಿ. ಎಲ್ರೂ ಖುಷಿಯಾಗಿ ಮನೆಗೆ ಹೋಗ್ಲಿ."

ಹೊರಗೆ ಬಂದ ಮೇಲೆ ಸಂಪುರ್ನೊ ಸಿಡಿದ. "ಹೆಸರು ಹೆಸರು ಅಂತ ಇಷ್ಟು ವರ್ಷ ನನ್ನ ಪ್ರಾಣ ತಿಂದೆ. ಈಗ ಕೊಡ್ತೀವಿ ಅಂದ್ರೆ ಮುಖ ಗಂಟಿಕ್ಕೊಂಡಿದೀಯ."

"ನೀವು ಕದ್ದಿದ್ದನ್ನ ಇನ್ನೊಬ್ರ ಕೈಲಿ ವಾಪಸ್ ಕೊಡಿಸ್ತಿದೀರ ಚಕ್. ಭಾರಿ ಉದಾರಿ ಅಣ್ಣ ನೀವು."

ಮಾತಿನಲ್ಲಿ ಗೆದ್ದಳು, ಆದರೆ ಮನಸ್ಸು ಜಾರಿತು. ಅವಳಿಗೆ ಆ ಹೆಸರು ಬೇಕಿತ್ತು. ಊರಿಗೆ ಊರೇ ಆಡಿದ ಆಟ, ಯಾರದ್ದೋ ಹೆಸರಲ್ಲಿ. ಯಾರಾದರೂ ಒಮ್ಮೆ ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಓದಲಿ ಎಂದು ಆಸೆಪಟ್ಟರೆ ತಪ್ಪೇನು? ನಾನಂತೂ ತಪ್ಪೆನ್ನಲಾರೆ. ಮಾರನೆಯ ದಿನ ಕುಳಿತು ಲಾರಿ ಅಳಿಸಿದಳು, ಬೆಕ್ಕು ತಂದಳು, ಹಾಡು ಹಾಕಿದಳು. ಮುಗಿದಾಗ ಮೂಲೆಯಿಂದ ಅಪ್ಪ ಕೇಳಿದ, "ಅದೇನದು, ಗಾಡಿ ಹಾಗೆ ಕಾಣುತ್ತೆ? ಇಲ್ಲಿ ಕೊಡು, ನಾನು ನೋಡ್ತೀನಿ."

ಬೇಡವೆನ್ನುವಷ್ಟರಲ್ಲಿ ಕಸ್ದು ಕುರ್ಚಿ ಎಳೆದುಕೊಂಡು ಬಂದಾಗಿತ್ತು. ಕೀಲಿ ಒತ್ತಿದ, ಗಾಡಿ ಓಡಿಸಿದ, ನೂಡಲ್ಸ್ ಮಾರಿದ. ಬೆಕ್ಕುಗಳು ಬಂದವು, ಹೋದವು. ಗಾಡಿ ಓಣಿಯ ಈ ತುದಿಯಿಂದ ಆ ತುದಿಗೆ ಆರಾಮಾಗಿ ತಲುಪಿತು. ಮುದುಕ ಗಲ್ಲ ಕೆರೆದುಕೊಂಡ.

"ಇದ್ಯಾರ ಗಾಡಿ? ಸಾಹೇಬ್ರ ಭಾಮೈದಂದಾ?"

"ಯಾಕೆ ಬಾಪಕ್?"

"ಯಾರೂ ಮುಟ್ತಾನೇ ಇಲ್ವಲ್ಲ. ಆಮೇಲೆ ಈ ಗದ್ದಲದಲ್ಲಿ ಪಕ್ಕದ ಗಾಡಿ ಸದ್ದು ಹೇಗೆ ಕೇಳೋದು? ಇದನ್ನ ಮಾಡಿರೋನು ಜೀವಮಾನದಲ್ಲಿ ಒಂದು ದಿನ ಗಾಡಿ ತಳ್ಳಿಲ್ಲ."

ಲಿಲಿಕ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ನಾಚಿಕೆಯಾಯಿತು, ಅದರ ಬೆನ್ನಿಗೇ ಕೋಪ ಬಂತು, ಕೋಪ ಬಂದ ಮೇಲೆ ಅವಳು ಸರಿಯಾದಳು. ಬೆಕ್ಕಿನ ಆಟವನ್ನು ಅಂದೇ ಅಳಿಸಿಹಾಕಿದಳು. ಹೆಂದಾರ್ತೊ ಫೋನು ಮಾಡಿದಾಗ ಆಟ ಸಿದ್ಧವಾಗಿದೆ ಎಂದಳು. ಯಾವ ಆಟ ಎಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

ಸಮಾರಂಭದ ದಿನ ಕಸ್ದು ಬಾತಿಕ್ ಅಂಗಿ ತೊಟ್ಟು, ತಾನೂ ಬರುತ್ತೇನೆಂದು ಹಟ ಹಿಡಿದ. ಮಾಲಿನ ನಡುವೆ ವೇದಿಕೆ, ಅದರ ಮೇಲೆ ದೊಡ್ಡ ಪರದೆ, ಪರದೆಯ ನೆತ್ತಿಯಲ್ಲಿ ಬೆಳಗುವ ಹೆಸರು: ಲಿಲಿಕ್ ಸುಹಾರ್ತಿ. ಅವಳು ಅದನ್ನು ಕಣ್ತುಂಬ ನೋಡಿದಳು. ಚೆನ್ನಾಗಿತ್ತು. ಅದು ಇನ್ನೆಷ್ಟು ಹೊತ್ತು ಅಲ್ಲಿರುತ್ತದೆಂದು ತಿಳಿದಿದ್ದರಿಂದ ಇನ್ನಷ್ಟು ಚೆನ್ನಾಗಿ ಕಂಡಿತು. ಮೊದಲು ಆಡುವವರು ಯಾರು ಎಂದು ನಿರೂಪಕಿ ಕೇಳಿದಳು. ಯಾರೂ ಏಳಲಿಲ್ಲ. ಕಸ್ದು ಎದ್ದ.

"ನೀವು ಬೇಡ ಬಾಪಕ್," ಎಂದಳು ಲಿಲಿಕ್. ಅವಳು ಲೆಕ್ಕ ಹಾಕಿದ್ದ ಯುದ್ಧದಲ್ಲಿ ಅಪ್ಪ ಇರಲಿಲ್ಲ.

"ಯಾಕೆ? ಅವತ್ತು ಆಡಿದೀನಲ್ಲ," ಎನ್ನುತ್ತ ಅವನು ಮೆಟ್ಟಿಲು ಹತ್ತಿಯೇಬಿಟ್ಟ.

ಇನ್ನು ಹಿಂದೆ ಸರಿಯುವಂತಿರಲಿಲ್ಲ. ಮಾಲಿನ ಹಾಡು ನಿಲ್ಲಿಸಿದರೆ ಮಾತ್ರ ಆಟ ಶುರು ಎಂದು ಅವಳು ಮೈಕಿನಲ್ಲೇ ಹೇಳಿದಳು. ಹಾಡು ನಿಂತಿತು. ಬಟ್ಟಲು ಬಡಿಯುವ ಸದ್ದು, ಸಿಳ್ಳೆ, ತೆಕ್ ತೆಕ್, ಒಂದೊಂದಾಗಿ ಆ ಎತ್ತರದ ಕಟ್ಟಡವನ್ನು ತುಂಬಿದವು. ಮೇಲಂತಸ್ತಿನ ಫುಡ್ ಕೋರ್ಟಿನ ಹೆಂಗಸರು ಕೈ ಒರೆಸಿಕೊಳ್ಳುತ್ತ ಕಟಕಟೆಗೆ ಬಂದು ನಿಂತರು. ಕಸ್ದು ಗಾಡಿ ತಳ್ಳಿದ. ಸ್ವಲ್ಪ ಹೊತ್ತಿಗೆ ಸಿಳ್ಳೆ ನಿಂತಿತು. ಆಮೇಲೆ ಬಟ್ಟಲು. ಮುದುಕನ ಬೆನ್ನು ನೆಟ್ಟಗಾಯಿತು. ಯಾರೂ ಏನೂ ಹೇಳದೆ ಅವನು ಗಾಡಿಯನ್ನು ಸಂದಿಗೆ ತಿರುಗಿಸಿದ. ಲಾರಿ ಹಾದುಹೋಯಿತು. "ಶಾಬಾಷ್ ಮ್ಬಾಹ್, ಇನ್ನೂ ಕಿವಿ ಚುರುಕಾಗಿದೆ," ಎಂದು ಕಸ ಗುಡಿಸುವವನೊಬ್ಬ ಅಜ್ಜನನ್ನು ಹುರಿದುಂಬಿಸಿದ. ಹೆಂದಾರ್ತೊ ಜನರ ನಡುವೆ ನುಗ್ಗಿಕೊಂಡು ವೇದಿಕೆಯತ್ತ ಬರುತ್ತಿದ್ದ. ಎರಡನೆಯ ಸಲವೂ ಕಸ್ದು ತಪ್ಪಿಸಿಕೊಂಡ. ಮೂರನೆಯ ಸಲ ಮೌನವೇನೋ ಕೇಳಿಸಿತು, ಬೆರಳು ಬಗ್ಗಲಿಲ್ಲ. ಲಾರಿ ಗಾಡಿಯನ್ನು ಎತ್ತಿಕೊಂಡಿತು. ಕಪ್ಪು ಪರದೆಯ ಮೇಲೆ 'ನಾಳೆ ಮತ್ತೆ ಮಾರೋಣ' ಎಂದು ಮೂಡಿತು.

ಆಗಲೇ ಯಾರೋ ತಂತಿ ಕಿತ್ತರು. ಪರದೆ ಆರಿತು, ಅದರ ಮೇಲಿದ್ದ ಹೆಸರೂ ಆರಿತು.

"ನಂಬಿಸಿ ಮೋಸ ಮಾಡಿದ್ರಿ ಇಬು," ಎಂದ ಹೆಂದಾರ್ತೊ, ನಿಜವಾಗಿ ನೊಂದುಕೊಂಡು.

"ಹೌದು, ಮಾಡ್ದೆ. ನನ್ನ ಆಟದಲ್ಲಿ ನಮ್ಮಪ್ಪನ ಗಾಡಿ ಹೊತ್ಕೊಂಡು ಹೋಗಿದ್ದು ಲಾರಿ. ಬೆಕ್ಕಲ್ಲ." ಮೈಕೂ ಸತ್ತಿತ್ತು. ಲಿಲಿಕ್ ಬರಿಗಂಟಲಲ್ಲೇ ಕಟಕಟೆಯ ಕಡೆ ಕೂಗಿದಳು. "ಆಟ ಬೇಕಾದವರು ನನ್ನ ಅಂಗಡಿಗೆ ಬನ್ನಿ, ಪುಕ್ಕಟೆ ಕೊಡ್ತೀನಿ. ಲಾರಿ ಸಮೇತ."

ಮನೆಗೆ ಹೋಗುವ ಬೆಮೊ ವ್ಯಾನಿನಲ್ಲಿ ಅಪ್ಪ ಮಗಳು ಎದುರುಬದುರಾಗಿ ಕುಳಿತರು. ಕಸ್ದು ತನ್ನ ಬೆರಳುಗಳನ್ನು ನೀವಿಕೊಳ್ಳುತ್ತಿದ್ದ.

"ಆ ಮಾತು ನಾನು ಹೇಳ್ಲಿಲ್ಲ," ಎಂದ.

"ಯಾವ ಮಾತು?"

"ನಾಳೆ ಮತ್ತೆ ಮಾರೋಣ ಅಂತ. ಅವತ್ತು ನಾನು ಬಾಯೇ ಬಿಡ್ಲಿಲ್ಲ. ಮಾರನೇ ದಿನ ಹೋಗ್ಲಿಲ್ಲ. ಆಮೇಲೂ ಹೋಗ್ಲಿಲ್ಲ."

"ಗೊತ್ತು."

"ಮತ್ತ್ಯಾಕೆ ಬರ್ದೆ?"

ಇಡೀ ಮಾಲಿಗೆ ಹೆದರದವಳು ಈಗ ದನಿ ತಗ್ಗಿಸಿದಳು. "ಸಿಟ್ಟಲ್ಲಿ ಬರ್ದೆ ಬಾಪಕ್. ಲಾರಿಯವರ ಮೇಲಲ್ಲ, ನಿಮ್ಮ ಮೇಲೆ. ನೀವು ಹೇಳ್ತೀರ ಅಂತ ಕಾದೆ. ಹೇಳ್ಲಿಲ್ಲ. ಅದಕ್ಕೆ ಕಂಪ್ಯೂಟರ್ ಬಾಯಲ್ಲಿ ಹೇಳಿಸ್ದೆ."

ಬೆಮೊ ಎರಡು ಕಡೆ ನಿಂತಿತು, ಜನ ಇಳಿದರು, ಹತ್ತಿದರು. ಕಸ್ದು ಕಣ್ಣೊರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟ.

"ನಾಳೆ ಅಂಗಡಿ ಎಷ್ಟೊತ್ತಿಗೆ ತೆಗೀತೀಯ?"

"ದಿನಾ ತೆಗೆಯೋ ಹೊತ್ತಿಗೆ. ಯಾಕೆ?"

"ಬೇಗ ತೆಗಿ. ನಂಗೆ ಇನ್ನೊಂದ್ಸಲ ಆಡ್ಬೇಕು. ಆ ತಿರುವಲ್ಲಿ ಸಿಕ್ಕಾಕ್ಕೊಳೋನಲ್ಲ ನಾನು."

ಲಿಲಿಕ್ ರಸ್ತೆಯ ಕಡೆ ಮುಖ ತಿರುಗಿಸಿ, "ಹೂಂ," ಎಂದಳು.