ಚಿತ್ರದ ಹಿಂಬದಿ

ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಮ್ಮ ಪಕ್ಕದ ಮನೆಯವರು ಪ್ಯಾಲೆಸ್ತೀನಿ ಕಲಾವಿದೆ. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಅಲ್ಲಿ ಚಿತ್ರಗಳಾಗಿ ಅವರ ಊರೇ ತುಂಬಿತ್ತು. ಯಾವ ಚಿತ್ರವನ್ನು ಹೊಗಳಿದರೂ ಬ್ರಷ್ಷನ್ನು ತೋಳಿಗೇ ಒರೆಸಿಕೊಳ್ಳುತ್ತ, "ಇನ್ನೂ ಮುಗಿದಿಲ್ಲ" ಎನ್ನುತ್ತಿದ್ದರು.

ಹುಬ್ಬಳ್ಳಿಯಿಂದ ಬಂದಿದ್ದ ಅವ್ವನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋದೆ. ಒಂದು ಚಿತ್ರದಲ್ಲಿ ಅಂಗಡಿಗಳೆಲ್ಲ ಮುಚ್ಚಿದ ಬೀದಿ, ನಡುವೆ ಕಸೂತಿಯ ಉದ್ದನೆಯ ಅಂಗಿ ತೊಟ್ಟು ಒಬ್ಬಳೇ ನಿಂತ ಹೆಂಗಸು. ಅವ್ವ ಆ ಕಸೂತಿಯನ್ನೇ ದಿಟ್ಟಿಸಿದಳು. ಆಮೇಲೆ, ನಾನು ತಡೆಯುವಷ್ಟರಲ್ಲಿ, ಚಿತ್ರವನ್ನೆತ್ತಿ ಹಿಂಬದಿ ತಿರುಗಿಸಿಬಿಟ್ಟಳು. ಅಲ್ಲಿ ಬರೀ ಬಟ್ಟೆ.

"ಮುಂದ ಎಲ್ಲಾರೂ ಛಂದ ಮಾಡ್ತಾರ. ಕಸೂತಿ ಹಾಕಿದಾಕಿ ಕೈ ಹೆಂಗದ ಅನ್ನೋದು ಹಿಂದ ನೋಡಿದ್ರನ ತಿಳೀತದ."

ನಾಚಿಕೆಪಡುತ್ತಲೇ ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕಲಾವಿದೆ ನಗಲಿಲ್ಲ. "ನಮ್ಮಜ್ಜೀನೂ ಹೀಗೇ ತಿರುಗಿಸಿ ನೋಡ್ತಿದ್ರು" ಎಂದು ಆ ಬರಿಯ ಬಟ್ಟೆಯ ಮೇಲೆ ಅಂಗೈ ಸವರಿದರು.

ಅವ್ವ ಊರಿಗೆ ಹೊರಡುವ ಮುನ್ನ ಕಲಾವಿದೆ ನಮ್ಮನ್ನು ಮತ್ತೆ ಕರೆದರು. ಈಗ ಆ ಚಿತ್ರದ ಹಿಂಬದಿಯಲ್ಲೂ ಅದೇ ಬೀದಿ. ಆದರೆ ಅಂಗಡಿಗಳು ತೆರೆದಿವೆ, ಜನ ಕಿಕ್ಕಿರಿದಿದ್ದಾರೆ, ಅದೇ ಹೆಂಗಸು ಬದನೆಕಾಯಿ ಆರಿಸುತ್ತಿದ್ದಾಳೆ.

"ಈಗರ ಮುಗೀತೇನು?" ಅವ್ವ ಕೇಳಿದಳು.

"ಇನ್ನೂ ಇಲ್ಲ" ಎಂದ ಕಲಾವಿದೆ, ಮುಚ್ಚಿದ ಅಂಗಡಿಗಳೇ ಕಾಣುವಂತೆ ಚಿತ್ರವನ್ನು ಗೋಡೆಗೆ ತೂಗುಹಾಕಿದರು. ಉಳಿದ ಚಿತ್ರಗಳೆಲ್ಲ ಎತ್ತರದಲ್ಲಿದ್ದವು. ಇದೊಂದನ್ನೇಕೆ ಇಷ್ಟು ಕೆಳಗೆ ಹಾಕಿದಿರಿ ಎಂದು ಕೇಳಿದೆ.

"ಶಾಂತಿ ಬಂದ ದಿನ ತಿರುಗಿಸ್ಬೇಕಲ್ಲ" ಎಂದರು. "ಅವತ್ತು ಏಣಿ ಹುಡುಕ್ತಾ ಕೂರೋಕಾಗಲ್ಲ."