ಗಂಗವ್ವನ ಎಡಗೈ

1984ರಲ್ಲಿ ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕಲಘಟಗಿ ತಾಲೂಕಿನಲ್ಲಿ, ಎರಡು ಊರುಗಳ ಗಡಿಕಲ್ಲಿನ ಬಳಿ, ಕುಷ್ಠರೋಗಿಗಳ ಏಳು ಗುಡಿಸಲುಗಳಿದ್ದವು. ಅವು ತಮ್ಮವೆಂದು ಎರಡೂ ಊರಿನವರು ಒಪ್ಪುತ್ತಿರಲಿಲ್ಲ. ಭಾನುವಾರಗಳಂದು ಅಲ್ಲಿ ಹುಣ್ಣು ತೊಳೆದು ಬ್ಯಾಂಡೇಜ್ ಕಟ್ಟುವ ಸ್ವಯಂಸೇವೆಗೆ ನಾನೇ ಹೆಸರು ಕೊಟ್ಟೆ. ಸೇವಾಭಾವ ಉಕ್ಕಿ ಬಂದಿತ್ತೆಂದಲ್ಲ. ಕೆಥೋಲಿಕ್ ಮನೆಯ ಮಗಳಾದ ನನಗೆ ಚರ್ಚಿನ ಭಾನುವಾರದ ಬಲಿಪೂಜೆ ತಪ್ಪಿಸಲು ನೆಪ ಬೇಕಿತ್ತು. ಅಮ್ಮ ಕ್ಯಾನ್ಸರಿನಲ್ಲಿ ನರಳಿ ನರಳಿ ಸತ್ತ ಮೇಲೆ ಜಪಸರವನ್ನು ಟ್ರಂಕಿನ ತಳಕ್ಕೆ ಹಾಕಿದ್ದೆ. ದೇವರ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು.

ಆ ರೋಗದಲ್ಲಿ ನರ ಸತ್ತ ಕೈಗೆ ಸ್ಪರ್ಶ ತಿಳಿಯುವುದಿಲ್ಲ, ಬಿಸಿ ಪಾತ್ರೆ ಸುಟ್ಟರೂ ಗೊತ್ತಾಗದು. ಅದಕ್ಕೇ, ಏನು ಹಿಡಿದರೂ ಕಣ್ಣಿಟ್ಟು ಹಿಡಿಯಿರಿ ಎಂಬುದು ನಮ್ಮ ಮೊದಲ ಪಾಠ. ವಾರವಾರವೂ ಗಿಣಿಯ ಹಾಗೆ ಒಪ್ಪಿಸುತ್ತಿದ್ದೆ.

ಡಿಸೆಂಬರಿನ ಒಂದು ಭಾನುವಾರ ಅಲ್ಲಿನ ಗಂಗವ್ವ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅರವತ್ತು ದಾಟಿದವಳು, ಲಿಂಗಪೂಜೆಯಾಗದೆ ತುತ್ತು ಮುಟ್ಟದವಳು. ಗುರುವಾರ ಪೂಜೆಯ ಹೊತ್ತಿಗೆ ಲಿಂಗ ಎಡ ಅಂಗೈಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಬಿದ್ದದ್ದು ತಿಳಿಯದೆ ಬರಿಗೈಗೇ ಹೂವೇರಿಸಿದ್ದಳು. ಲಿಂಗವನ್ನು ನೆಲಕ್ಕೆ ಬೀಳಿಸುವುದು ಅವರಲ್ಲಿ ದೊಡ್ಡ ಅಪರಾಧ. ಅಂದಿನಿಂದ ಊಟವೂ ಇಲ್ಲ, ಗುಳಿಗೆಯೂ ಇಲ್ಲ.

ನಾನು ರೇಗಿದೆ. ಕಣ್ಣಿಟ್ಟು ಹಿಡಿ ಅಂತ ಎಷ್ಟು ಸಲ ಬಡಕೊಳ್ಳಲಿ ಎಂದೆ.

"ಕಣ್ಣ ತಗದು ಕೈ ಕಾಯ್ಕೋತ ಕುಂತ್ರ, ಅವನ್ನ ಯಾವಾಗ ನೆನಸ್ಲಿರಿ ಅಕ್ಕಾರ?" ಎಂದಳು.



ಅವಳ ಮನೆತನದ ಗುರುಗಳಾದ ಅಯ್ಯನವರನ್ನು ಕರೆತಂದೆ. ಅವರು ಗಡಿಕಲ್ಲು ದಾಟಲಿಲ್ಲ. ಲಿಂಗ ಒಡೆದಿಲ್ಲ ತಾನೇ ಎಂದು ಕೇಳಿ, ಹಾಗಾದರೆ ತೊಳೆದು ಪೂಜಿಸಲಿ ಎಂದು ಹೇಳಿ ಹೊರಟರು. ಮತ್ತೆ ಬಿದ್ದರೆ ಎಂಬ ಭಯ ಗಂಗವ್ವನಿಗೆ. ಹತ್ತು ದಿನ ರಜೆ ಹಾಕಿ ಅಲ್ಲೇ ಉಳಿದೆ. ದಿನಾ ಬೆಳಿಗ್ಗೆ ಅವಳ ಅಂಗೈಯನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಅವಳು ಕಣ್ಣು ಮುಚ್ಚುತ್ತಿದ್ದಳು, ನಾನು ಮುಚ್ಚುವಂತಿರಲಿಲ್ಲ. ನಾಲ್ಕನೆಯ ದಿನ ನನ್ನ ತುಟಿ ಅಲುಗುತ್ತಿರುವುದು ಅರಿವಾಯಿತು. ಅಮ್ಮ ಕಲಿಸಿದ ಕೊಂಕಣಿ ಪ್ರಾರ್ಥನೆ. ಸಿಟ್ಟೇನೂ ಇಳಿದಿರಲಿಲ್ಲ, ಆದರೆ ಸಿಟ್ಟು ಮಾಡಲು ಅವನೊಬ್ಬ ಇದ್ದಾನೆ ಎಂದು ಮತ್ತೆ ಅನಿಸಿತು.

ಗಂಗವ್ವ ಉಣ್ಣತೊಡಗಿದಳು. ಎಂಟನೆಯ ದಿನ ನ್ಯುಮೋನಿಯ ಹಿಡಿಯಿತು. ಆಸ್ಪತ್ರೆಗೆ ಒಯ್ಯಲು ಕರೆಸಿದ ಬಾಡಿಗೆ ಜೀಪಿನವ ಅವಳನ್ನು ನೋಡಿ ತಿರುಗಿ ಹೋದ. ಮರುದಿನ ಬೆಳಿಗ್ಗೆ ತೀರಿಕೊಂಡಳು.

ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವುದು ಅವರ ಪದ್ಧತಿ. ಅಯ್ಯನವರು ಮತ್ತೆ ಕಲ್ಲಿನಾಚೆ ನಿಂತೇ ಮಂತ್ರ ಹೇಳಿದರು. ಲಿಂಗವಿಡುವ ಹೊತ್ತಿಗೆ ತಡವರಿಸಿದರು.

"ನೀವಽ ಇಡ್ರಿ, ಅಕ್ಕಾರ. ಆಕಿ ಕೈ ನಿಮಗ ರೂಢಿ ಐತಿ" ಎಂದರು.

ಗುಂಡಿಗಿಳಿದು ಇಟ್ಟೆ. ಮಣ್ಣು ಅವಳ ಮೊಣಕೈವರೆಗೆ ಏರುವ ತನಕ ಕೆಳಗಿನ ನನ್ನ ಕೈ ತೆಗೆಯಲಿಲ್ಲ.

ಕಣ್ಣಿಟ್ಟು ಹಿಡಿಯಿರಿ ಎಂಬ ಪಾಠವನ್ನು ನಿವೃತ್ತಿಯವರೆಗೂ ಹೇಳಿದೆ. ಆದರೆ ಏನು ಹಿಡಿದಿದ್ದೀರಿ ಎಂದು ಮೊದಲು ಕೇಳುವುದನ್ನು ಕಲಿತದ್ದು ಗಂಗವ್ವನಿಂದ. ಅವಳನ್ನು ಮಣ್ಣು ಮಾಡಿದ ಸಂಜೆ ಹುಬ್ಬಳ್ಳಿಗೆ ಮರಳಿ ಟ್ರಂಕು ತೆಗೆದೆ. ಜಪಸರ ಬೆರಳಿಗೆ ತಣ್ಣಗೆ ತಾಗಿತು. ತಾಗಿದ್ದು ತಿಳಿಯಿತಲ್ಲ ಎಂದು ಅತ್ತುಬಿಟ್ಟೆ.