ನಾನು ನೋಡದ ಕಂತು

ಭಾಗ್ಯಾ, ನಿನ್ನ ಅವ್ವ ಶಾಲೆ ಬಿಟ್ಟದ್ದು ಏಕೆಂದು ನನಗೆ ಗೊತ್ತಿತ್ತು. ಹೋದ ತಿಂಗಳು ಸಮೀಕ್ಷೆಯ ಹಾಳೆ ಹಿಡಿದು ನಿಮ್ಮ ಮನೆಗೆ ಬಂದಾಗ ನೀನು ಕೇಳಿದೆ, ನಾನು ಗೊತ್ತಿಲ್ಲ ಎಂದೆ. ಅದು ಸುಳ್ಳು. ಅವಳು ಬಿಟ್ಟದ್ದು ನನ್ನಿಂದ — ನಾನು ಕಟ್ಟಿ ಹೇಳಿದ ಒಂದು ಕಥೆಯಿಂದ.

ಅಳವಂಡಿ ಹತ್ತಿರದ ಒಂದೇ ಊರಿನವರು ನಾನೂ ನಿನ್ನ ಅವ್ವನೂ. ಆಗ ಒಂಬತ್ತನೇ ತರಗತಿ. ನನ್ನ ಅಪ್ಪ ಲೈನ್‌ಮನ್. ತಿಂಗಳ ಸಂಬಳದ ಮನೆ. ನಮ್ಮ ತರಗತಿಯ ಹುಡುಗಿಯರಲ್ಲಿ ಕೇಬಲ್ ಹಾಕಿಸಿದ ಟಿವಿ ಇದ್ದದ್ದು ನನ್ನ ಮನೆಯಲ್ಲಿ ಮಾತ್ರ. ಭಾನುವಾರ ಸಂಜೆ ಒಂದು ಧಾರಾವಾಹಿ ಬರುತ್ತಿತ್ತು. ಕಾಲೇಜಿನ ಐವರು ಗೆಳತಿಯರು, ಅವರ ನಡುವೆ ಒಂದು ದೆವ್ವ — ಅದು ಯಾರ ಮೈಯಲ್ಲಿದೆ ಎಂಬುದನ್ನು ಮಾತ್ರ ವಾರದಿಂದ ವಾರಕ್ಕೆ ಮುಂದೂಡುತ್ತಿದ್ದರು. ಸೋಮವಾರ ಬುತ್ತಿ ಬಿಚ್ಚುವ ಹೊತ್ತಿಗೆ ಹತ್ತು ಹನ್ನೆರಡು ಹುಡುಗಿಯರು ನನ್ನ ಸುತ್ತ ಕೂರುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ತುತ್ತು ಬಾಯಿಗಿಡುವುದನ್ನೂ ಮರೆತು ಕೇಳುತ್ತಿದ್ದರು. ಓದಿನಲ್ಲಿ ನಾನು ಸಾಧಾರಣ, ನೋಡಲೂ ಸಾಧಾರಣ. ಆ ಅರ್ಧ ತಾಸು ಮಾತ್ರ ಬೇರೆ ಯಾರೋ ಆಗಿರುತ್ತಿದ್ದೆ.

ನಿನ್ನ ಅವ್ವ ಹುಲಿಗೆಮ್ಮ ಗಣಿತದಲ್ಲಿ ತರಗತಿಗೇ ಮೊದಲು. ಊರ ಹೊರಗೆ ಹೊಲದಲ್ಲೇ ಅವರ ಮನೆ. ಅವಳ ಕಣ್ಣು ತಿಳಿಬೂದಿ ಬಣ್ಣದವು — ನಿನಗೂ ಅವೇ ಬಂದಿವೆ.

ಆ ದೆವ್ವ ಯಾರಲ್ಲಿದೆ ಎಂದು ಗೊತ್ತಾಗಬೇಕಿದ್ದ ಭಾನುವಾರವೇ ನಮ್ಮ ಓಣಿಯ ಲೈನ್ ಹೋಯಿತು. ಊರಿಗೆಲ್ಲ ಕರೆಂಟು, ನಮಗಿಲ್ಲ. ಕಪ್ಪು ಪರದೆಯ ಮುಂದೆ ಕೂತು ಅತ್ತಿದ್ದೆ. ಮರುದಿನ ನೋಡಿದರೆ ಹುಡುಗಿಯರು ನನಗಾಗಿ ನೆರಳಲ್ಲಿ ಜಾಗ ಹಿಡಿದಿದ್ದರು. ಒಬ್ಬಳಂತೂ ನನಗೆಂದೇ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದಳು. ಕರೆಂಟ್ ಇರಲಿಲ್ಲ, ನೋಡಲಿಲ್ಲ ಎಂದರೆ ಮುಗಿಯುತ್ತಿತ್ತು. ಆ ಮಾತು ಬಾಯಿಗೆ ಬರಲಿಲ್ಲ. ಅಲ್ಲ — ನಾನು ಬರಗೊಡಲಿಲ್ಲ. ನೋಡದ ಕಂತನ್ನು ನೋಡಿದಂತೆ ಹೇಳತೊಡಗಿದೆ.

ನಡುವೆ ನಿನ್ನ ಅವ್ವ ಕೇಳಿದಳು. ಅವಳ ದನಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು.

"ಸರೋಜಾ, ನಿನ್ನಿ ಹೊತ್ತು ಮುಳುಗೋತನಾ ನಿಮ್ಮಪ್ಪ ನಮ್ಮ ಹೊಲದಾಗಿನ ಕಂಬದ ಮ್ಯಾಲ ಇದ್ರು. ನಿಮ್ಮ ಓಣಿಗೆ ಕರೆಂಟ್ ಇಲ್ಲ ಅಂತ ಅವರ ಅಂದ್ರು. ನೀ ಹೆಂಗ ನೋಡಿದಿ?"

ಎಲ್ಲರ ಮುಖ ನನ್ನ ಕಡೆ ತಿರುಗಿತು. ನಾನು ನಕ್ಕೆ — ಆ ನಗೆಯನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ — ನಕ್ಕು ಹೇಳಿದೆ:

"ಆ ದೆವ್ವನೂ ಹಿಂಗ ಅಂತಿತ್ತು. ಎಲ್ಲಾರೂ ಸುಳ್ಳು ಹೇಳ್ತಾರ ಅಂತಿತ್ತು. ಊರ ಹೊರಗ ಇರಾಕಿ, ಬೂದಿ ಕಣ್ಣಿನಾಕಿ — ಆಕಿ ಮೈಯಾಗ ಇತ್ತು ಅದು."

ಯಾರೂ ನಗಲಿಲ್ಲ. ಹುಲಿಗೆಮ್ಮನ ಪಕ್ಕ ಕೂತಿದ್ದವಳು ತನ್ನ ಬುತ್ತಿಯನ್ನು ಸ್ವಲ್ಪ ಆಚೆ ಎಳೆದುಕೊಂಡಳು.

ಆ ವಾರವೇ ಪ್ರಾರ್ಥನೆಯ ಬಿಸಿಲಲ್ಲಿ ಒಬ್ಬ ಹುಡುಗಿ ತಲೆಸುತ್ತಿ ಬಿದ್ದಳು. ಏನೂ ತಿನ್ನದೆ ಬಂದಿದ್ದಳೋ ಏನೋ. ಹುಲಿಗೆಮ್ಮ ತನ್ನನ್ನೇ ನೋಡುತ್ತಿದ್ದಳು ಎಂದು ಎದ್ದಮೇಲೆ ಹೇಳಿದಳು. ಮಾರನೆಯ ದಿನ ಇನ್ನಿಬ್ಬರು ಬಿದ್ದರು. ಹುಲಿಗೆಮ್ಮ ಮುಟ್ಟಿದ ಲೋಟದಲ್ಲಿ ಯಾರೂ ನೀರು ಕುಡಿಯದಾದರು. ತಾಯಂದಿರು ಶಾಲೆಗೆ ಬಂದು ಜಗಳ ತೆಗೆದರು. ಕೊನೆಗೆ ನಮ್ಮ ಟೀಚರು ನಮ್ಮಿಬ್ಬರನ್ನೂ ಒಳಗೆ ಕರೆಸಿ ನನ್ನನ್ನು ಕೇಳಿದರು. "ಖರೇ ಹೇಳು. ಟಿವ್ಯಾಗ ಹಂಗ ತೋರ್ಸಿದ್ರೇನು, ಇಲ್ಲಾ ನೀನ ಕಟ್ಟಿ ಹೇಳಿದ್ಯೋ?"

"ತೋರ್ಸಿದ್ರುರಿ ಟೀಚರ್. ಖರೇನ ತೋರ್ಸಿದ್ರು."

ನಿನ್ನ ಅವ್ವನ ಬರಿಗಾಲನ್ನು ನೋಡುತ್ತ ಹೇಳಿದೆ. ಅವಳು ಏನು ಹೇಳಿದ್ದರೂ ಯಾರು ನಂಬುತ್ತಿದ್ದರು — ನಂಬದ ಹಾಗೆ ಮಾಡಿದವಳು ನಾನೇ ಅಲ್ಲವೇ.

ಮುಂದಿನ ಭಾನುವಾರ ಕರೆಂಟ್ ಇತ್ತು. ನೋಡಿದೆ. ದೆವ್ವ ಆ ಐವರು ಗೆಳತಿಯರಲ್ಲಿ ಯಾರ ಮೈಯಲ್ಲೂ ಇರಲಿಲ್ಲ; ಅವರಿಗೆ ಪಾಠ ಹೇಳುವ ಮೇಷ್ಟ್ರ ಮೈಯಲ್ಲಿತ್ತು. ಸೋಮವಾರ ಹುಡುಗಿಯರು ಕೇಳಿದಾಗ, ಅಪ್ಪ ಕೇಬಲ್ ತೆಗೆಸಿದ ಎಂದೆ.

ಅಷ್ಟರಲ್ಲಿ ನಿನ್ನ ಅಜ್ಜ ಅವಳನ್ನು ಯಾವುದೋ ಊರಿನ, ದೆವ್ವ ಬಿಡಿಸುವ ಒಬ್ಬ ಮುದುಕನ ಬಳಿ ಕರೆದೊಯ್ದಿದ್ದರು. ಮಗಳ ಮೇಲಿನ ಪ್ರೀತಿಗೇ ಒಯ್ದರು, ಅವರನ್ನು ದೂರಬೇಡ. ಹತ್ತು ದಿನದ ಮೇಲೆ ಶಾಲೆಗೆ ಬಂದಾಗ ಅವಳ ತಲೆ ಬೋಳಿಸಿದ್ದರು. ಮೇಲೆ ವಸ್ತ್ರ ಕಟ್ಟಿದ್ದಳು. ಮುಂಗೈ ಮೇಲೆ ಬೆತ್ತದ ಬರೆ. ಕೊನೆಯ ಬೆಂಚಿಗೆ ಹೋಗಿ ಕೂತಳು. ಅದರ ಮುಂದಿನ ಬೆಂಚಿನವರು ಎದ್ದು ಹೋದರು. ಮಧ್ಯಾಹ್ನ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಗೇಟಿನ ಹತ್ತಿರ ನಿಂತು ಒಮ್ಮೆ ತಿರುಗಿದಳು. ಯಾರನ್ನು ನೋಡಿದಳೋ — ನಾನು ಕಂಬದ ಹಿಂದೆ ಸರಿದಿದ್ದೆ.

ಆ ವರ್ಷ ಅವಳು ಕಳೆ ತೆಗೆಯಲು ಕೂಲಿಗೆ ಹೋದಳು. ಮರುವರ್ಷ ಗಂಗಾವತಿ ಕಡೆ ಮದುವೆ ಮಾಡಿಕೊಟ್ಟರು. ನಾನು ಓದಿದೆ, ಟೀಚರಾದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಎಷ್ಟು ಸಲ ಪಾಠ ಮಾಡಿದ್ದೇನೋ.

ಸಮೀಕ್ಷೆಗೆಂದು ಹೇಮಗುಡ್ಡದ ಆಚೆಯ ನಿಮ್ಮ ಊರಿಗೆ ಬಂದ ದಿನ ಬಾಗಿಲು ತೆರೆದವಳು ಅವಳೇ. ಗುರುತು ಹಿಡಿದಳು. "ಬರ್ರಿ ಟೀಚರ್, ಕುಂದರ್ರಿ," ಎಂದಳು. ಒಂದೇ ಊರಿನವಳಿಗೆ, ಒಂದೇ ತರಗತಿಯವಳಿಗೆ — ಬರ್ರಿ ಅಂದಳು. ಚಾ ಮಾಡಿದಳು. ಹಾಳೆಯಲ್ಲಿ ಮನೆಯವರು ಎಷ್ಟು ಓದಿದ್ದಾರೆ, ನಡುವೆ ಬಿಟ್ಟಿದ್ದರೆ ಏಕೆ ಎಂಬ ಪ್ರಶ್ನೆ ಬಂತು. ಆಗ ನೀನು ಪುಸ್ತಕದಿಂದ ತಲೆ ಎತ್ತಿದೆ.

"ಅವ್ವನ್ನ ಕೇಳಿದ್ರ ಹೇಳಂಗಿಲ್ರಿ. ನೀವು ಆಕಿ ಕೂಡ ಓದಿದವರಂತಲ್ರಿ, ನಿಮಗ ಗೊತ್ತೇನ್ರಿ?"

ನಿನ್ನ ಅವ್ವ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದಳು ಎನಿಸಿತು. ನಾನು, "ಇಲ್ಲವ್ವಾ, ಗೊತ್ತಿಲ್ಲ," ಎಂದೆ.

ಅವಳು ಹಾಳೆಯ ಕಡೆ ಕಣ್ಣು ಹೊರಳಿಸಿ, "ಮನಿ ಕೆಲಸ ಇತ್ತು ಅಂತ ಬರ್ಕೋರಿ," ಎಂದಳು. ಬರೆದುಕೊಂಡೆ. ದುಂಡಗೆ, ತಪ್ಪಿಲ್ಲದೆ ಬರೆದುಕೊಂಡೆ.

ಆಗ ಹದಿನಾಲ್ಕು ವರ್ಷದ ಹುಡುಗಿ, ಏನು ತಿಳಿಯುತ್ತಿತ್ತು ಎಂದು ಇಷ್ಟು ಕಾಲ ನನಗೆ ನಾನೇ ಹೇಳಿಕೊಂಡು ಬಂದೆ. ನಿಮ್ಮ ಮನೆಯಲ್ಲಿ ಚಾ ಕುಡಿಯುತ್ತ ಕೂತಾಗ ನನಗೆ ಮೂವತ್ತೇಳು.

ಊರಿಗೆ ಹಿಂತಿರುಗಿದ ಮೇಲೆ ಅಂದಿನ ಹುಡುಗಿಯರಲ್ಲಿ ಒಬ್ಬಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು, "ಹೌದಾ? ನಾವು ಇನ್ನಾ ಆಕಿ ಮೈಯಾಗ ಇತ್ತು ಅಂತನ ತಿಳ್ಕೊಂಡೀವಲ್ಲ," ಎಂದಳು. ಉಳಿದವರನ್ನೂ ಹುಡುಕುತ್ತಿದ್ದೇನೆ. ಒಬ್ಬೊಬ್ಬರಿಗೂ ಹೇಳುತ್ತೇನೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ತೆಗೆದುಕೊಂಡು ಬರುತ್ತೇನೆ, ಮೊದಲು ನಿನ್ನ ಅವ್ವನಿಗೇ ಓದಿ ಹೇಳುತ್ತೇನೆ. ನಿನ್ನ ಕೈಗೆ ಕೊಡುವುದೋ ಬಿಡುವುದೋ ಅವಳ ಇಷ್ಟ. ಕ್ಷಮಿಸು ಎಂದು ಕೇಳುವುದಿಲ್ಲ — ಕೇಳಿದರೆ ಅದೂ ಅವಳ ಮೇಲೊಂದು ಭಾರ. ಹೊರಗೆ ನಡೆ ಎಂದರೆ ನಡೆಯುತ್ತೇನೆ. ಆದರೆ ಅದಕ್ಕೂ ಮುಂಚೆ, ನೀನು ಕೇಳಿದ್ದಕ್ಕೆ ಉತ್ತರ ಇಷ್ಟು, ಭಾಗ್ಯಾ: ನಿನ್ನ ಅವ್ವನ ಮೈಯಲ್ಲಿ ಏನೂ ಇರಲಿಲ್ಲ. ಅವಳು ನಿಜ ಹೇಳಿದ್ದಳು.